ತೂಗುಮಂಚದ ಮೇಲಿನ ಮುದುಕಿ

ದೃಶ್ಯಗಳನ್ನೆಲ್ಲ ಮೊದಲ ಸಲ ಒಂದರ ಪಕ್ಕ ಒಂದು ಜೋಡಿಸಿ ನೋಡಿದ ದಿನವೇ ನನಗೆ ಗೊತ್ತಾಯಿತು, ಈ ಸಿನಿಮಾದಲ್ಲಿ ಪ್ರೇಮಿಗಳಿಗಿಂತ ಮುದುಕಿ ಚೆನ್ನಾಗಿದ್ದಾಳೆ ಎಂದು. ಎಡಿಟರ್ ಆದವಳಿಗೆ ಇದು ಒಳ್ಳೆಯ ಸುದ್ದಿಯೂ ಹೌದು, ಕೆಟ್ಟ ಸುದ್ದಿಯೂ ಹೌದು. ನಗಿಸುವ ಪ್ರೇಮಕತೆಯೊಂದರಲ್ಲಿ ನಗು ಒಂದು ಕಡೆ, ಪ್ರೇಮ ಇನ್ನೊಂದು ಕಡೆ ಆಗಿಬಿಟ್ಟರೆ ಎರಡನ್ನೂ ಹೊಲಿಯುವ ದಾರ ನಾವೇ ಹುಡುಕಬೇಕು.

ನಾವು ಕೆಲಸ ಮಾಡುತ್ತಿದ್ದದ್ದು ಬೈಲಹೊಂಗಲದಲ್ಲಿ, ಮಾರುಕಟ್ಟೆ ಪ್ರಾಂಗಣದ ಹಿಂದಿನ ರಸ್ತೆಯಲ್ಲಿ, ನಿರ್ಮಾಪಕರ ಹತ್ತಿ ಗೋದಾಮಿನ ಮೇಲಿನ ಕೋಣೆಯಲ್ಲಿ. ಕೆಳಗಿನ ಲಾರಿಗಳ ಗದ್ದಲ ಒಳಗೆ ಬಾರದಿರಲೆಂದು ಗೋಡೆಗಳಿಗೆಲ್ಲ ಅರಳೆಯ ಗಾದಿ ಬಡಿದಿದ್ದೆವು. ನಿರ್ದೇಶಕರು ಮೈಸೂರು ಕಡೆಯವರು. ಸಿನಿಮಾದ ಮಾತು ಈ ಕಡೆಯದು, ಹಾಗಾಗಿ ಈ ಕಡೆಯ ಕಿವಿಯೊಂದು ಬೇಕೆಂದು ರಾಮದುರ್ಗದವಳಾದ ನನ್ನನ್ನು ಕರೆಸಿಕೊಂಡಿದ್ದರು. ನಿರ್ಮಾಪಕರು ಕಿತ್ತೂರಿನ ಹತ್ತಿರದ ಎಂ.ಕೆ. ಹುಬ್ಬಳ್ಳಿ ಕಡೆಯ ದೊಡ್ಡ ಹಿಡುವಳಿದಾರರು. ಕಬ್ಬು ಸಾಗಣೆ, ಹತ್ತಿ ವ್ಯಾಪಾರ ಎರಡೂ ಇತ್ತು. ನಾಯಕ ಅವರ ತಂಗಿಯ ಮಗ.

ಕತೆ ಸರಳ. ಹುಡುಗ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಹುಡುಗಿ ದಕ್ಷಿಣದ ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಕಿತ್ತೂರಿನ ಹತ್ತಿರ ಒಂದು ಹಳೆಯ ವಾಡೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದಾಳೆ. ಆ ವಾಡೆಯ ಯಜಮಾನಿ ಒಬ್ಬ ಮುದುಕಿ. ಪರ ಗಂಡಸರನ್ನು ಹೊಸ್ತಿಲು ದಾಟಗೊಡುವುದಿಲ್ಲ. ಹುಡುಗ ಒಮ್ಮೆ ಲೈಟ್ ರಿಪೇರಿಯವನಾಗಿ, ಒಮ್ಮೆ ದನದ ಡಾಕ್ಟರಾಗಿ, ಒಮ್ಮೆ ಬಾವಿಯ ಹೂಳು ತೆಗೆಯುವವನಾಗಿ ಬರುತ್ತಾನೆ. ಮುದುಕಿಗೆ ಎಲ್ಲ ಗೊತ್ತು, ಆದರೆ ಬಾಯಿ ಬಿಡುವುದಿಲ್ಲ. ತೂಗುಮಂಚದ ಮೇಲೆ ಕೂತು ಅಡಿಕೆ ಕತ್ತರಿಸುತ್ತ, ಅವನು ಏನೆಂದು ಹೇಳಿಕೊಂಡು ಬಂದನೋ ಆ ಕೆಲಸವನ್ನು ಅವನ ಕೈಯಿಂದ ಮಾಡಿಸಿಯೇ ಬಿಡುತ್ತಾಳೆ. ದನದ ಡಾಕ್ಟರಾಗಿ ಬಂದ ದಿನ ಕೊಟ್ಟಿಗೆಯಲ್ಲಿ ಎಮ್ಮೆ ನಿಜಕ್ಕೂ ಈಯುತ್ತಿರುತ್ತದೆ. "ತೋಳು ಏರಸ್ಕೋರಿ ಡಾಕ್ಟರ," ಎನ್ನುತ್ತಾಳೆ ಮುದುಕಿ, "ನಿಮ್ಮ ಹಾದಿನs ನೋಡಾಕ ಹತ್ತಿತ್ತು ಅದು."

ಸಿನಿಮಾದ ಶಕ್ತಿ ಇಲ್ಲಿತ್ತು. ಯಾರೂ ನಗಿಸಲು ಹೆಣಗುತ್ತಿರಲಿಲ್ಲ. ಸುಳ್ಳು ಹೇಳಿದವನಿಗೆ ತನ್ನ ಸುಳ್ಳನ್ನೇ ಹೊರುವ ಶಿಕ್ಷೆ. ಆ ಶಿಕ್ಷೆಯಿಂದಲೇ ಹುಡುಗ ಸ್ವಲ್ಪ ಸ್ವಲ್ಪ ಮನುಷ್ಯನಾಗುತ್ತಿದ್ದ. ದೌರ್ಬಲ್ಯವೂ ಅಷ್ಟೇ ಸ್ಪಷ್ಟವಿತ್ತು. ಹುಡುಗನಿಗೆ ಪ್ರೀತಿ ಹುಟ್ಟುವುದು ಹುಡುಗಿಯ ಕೂದಲು ನಿಧಾನಗತಿಯಲ್ಲಿ ಹಾರುವ ಒಂದು ಶಾಟಿನಲ್ಲಿ. ಅದರ ಮೊದಲು ಏನಿಲ್ಲ, ಆಮೇಲೂ ಏನಿಲ್ಲ. ಹುಡುಗಿ ‘ಬೇಡ’ ಎಂದರೆ ಸಿನಿಮಾ ಅದನ್ನು ‘ಇನ್ನೂ ಬೇಕು ಎಂದಿಲ್ಲ, ಅಷ್ಟೇ’ ಎಂದು ಕೇಳಿಸಿಕೊಳ್ಳುತ್ತಿತ್ತು. ಮಧ್ಯಂತರದ ನಂತರ ಎಲ್ಲಿಂದಲೋ ಒಬ್ಬ ಖಳನಾಯಕ ಬಂದು, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಹೊಡೆದಾಟವಾಗಿ, ಅಲ್ಲಿಯವರೆಗೆ ಹಗುರವಾಗಿ ತೇಲುತ್ತಿದ್ದದ್ದು ದೊಪ್ಪನೆ ನೆಲಕ್ಕೆ ಬೀಳುತ್ತಿತ್ತು. ಇವನ್ನೆಲ್ಲ ನಾನು ನಿರ್ದೇಶಕರಿಗೆ ಹೇಳಿದ್ದೆ. "ಮುದುಕಿ ಹೀರೊನ ನುಂಗಿಬಿಡ್ತಾಳ್ರೀ, ಪ್ರೇಮಿಗಳ ಸೀನು ಗಟ್ಟಿ ಮಾಡೂಣು," ಎಂದಿದ್ದೆ. ಅವರು ತಲೆಯಾಡಿಸಿ ಬರೆದುಕೊಂಡರು.

ಮುದುಕಿಯಾಗಿ ನಟಿಸಿದವರು ಮುದುಕಿಯಲ್ಲ, ಐವತ್ತರ ಆಸುಪಾಸಿನವರು. ಸಂಗೊಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಸವದತ್ತಿಯಲ್ಲಿ ಹೊಲಿಗೆಯ ತರಗತಿ ನಡೆಸುತ್ತಿದ್ದರು. ಹರೆಯದಲ್ಲಿ ಕಂಪನಿ ನಾಟಕಗಳಲ್ಲಿ ಪಾತ್ರ ಮಾಡಿ ಬಿಟ್ಟವರು. ವಿನಯವೆಂಬುದು ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಚಿತ್ರೀಕರಣ ನೋಡಲು ಹೋದ ಒಂದು ದಿನ ನಾನು "ಭಾಳ ಛಲೋ ಮಾಡಿದ್ರಿ" ಎಂದೆ. "ಗೊತ್ತೈತಿ," ಎಂದರು. ನಾಯಕನಿಗೆ ಎಲ್ಲರೆದುರು, "ತಮ್ಮಾ, ನೀ ಸುಮ್ಮನ ನಿಂತ್ರ ಭಾಳ ಚಂದ ಕಾಣ್ತಿ. ಮಾತಿನ ಸೀನಿಗೆ ಬ್ಯಾರೆ ಯಾರನರ ಕರಸೂಣು," ಎಂದಿದ್ದರು. ಸೆಟ್ಟಿನ ಹುಡುಗರೆಲ್ಲ ನಕ್ಕರು. ನಾಯಕ ನಗಲಿಲ್ಲ.

ಅವರ ಹದ ನನಗೆ ಗೊತ್ತಾದದ್ದು ಕತ್ತರಿಸುವಾಗ. ಮಾತು ಮುಗಿಸಿ ಅವರು ಅಡಕತ್ತರಿಯಲ್ಲಿ ಅಡಿಕೆ ಒಡೆಯುವವರೆಗೆ ಸುಮ್ಮನಿರುತ್ತಿದ್ದರು. ಟಕ್ಕೆಂದ ಮೇಲೆ ನಗು. ಆ ಸದ್ದಿಗಿಂತ ಎವೆಯಿಕ್ಕುವಷ್ಟು ಮೊದಲು ನಾನು ಶಾಟ್ ಬದಲಿಸಿದರೆ ನಗು ಸಾಯುತ್ತಿತ್ತು.

ಕುಟುಂಬದವರಿಗೆ, ವ್ಯಾಪಾರಿಗಳಿಗೆ ತೋರಿಸಿ ನೋಡೋಣ ಎಂದು ನಿರ್ಮಾಪಕರು ಬೈಲಹೊಂಗಲದ ಥಿಯೇಟರಿನಲ್ಲಿ ಒಂದು ಬೆಳಗಿನ ಪ್ರದರ್ಶನ ಇಟ್ಟರು. ನಟರಲ್ಲಿ ನಾಯಕನನ್ನು ಬಿಟ್ಟು ಯಾರನ್ನೂ ಕರೆದಿರಲಿಲ್ಲ. ನಿರ್ಮಾಪಕರ ತಾಯಿ ಬಂದಿದ್ದರು. ಸಿನಿಮಾದ ವಾಡೆ ನಿಜವಾಗಿ ಅವರದೇ ಮನೆ. ತೂಗುಮಂಚ, ಪೆಟ್ಟಿಗೆಯಿಂದ ತೆಗೆದುಕೊಟ್ಟ ಇಳಕಲ್ ಸೀರೆ, ಎಲ್ಲ ಅವರದೇ. ನಾನು ಥಿಯೇಟರಿನ ಎರಡು ಮೂಲೆಗಳಲ್ಲಿ ರೆಕಾರ್ಡರ್ ಇಟ್ಟೆ. ಪ್ರೇಕ್ಷಕರ ನಗುವನ್ನು ಹಿಡಿದು, ಆಮೇಲೆ ಚಿತ್ರದ ಕೆಳಗೆ ಆ ಸದ್ದಿನ ಪಟ್ಟಿ ಹಾಸಿ ನೋಡಿದರೆ, ಎಲ್ಲಿ ನಗು ಬಂತು, ಎಲ್ಲಿ ಬರಲಿಲ್ಲ, ಎಲ್ಲಿ ನಗುವಿನಲ್ಲಿ ಮುಂದಿನ ಮಾತು ಮುಳುಗಿತು ಎಂಬುದು ಕಣ್ಣಿಗೇ ಕಾಣುತ್ತದೆ.

ಮೊದಲರ್ಧ ನಗುವಿನಲ್ಲಿ ಥಿಯೇಟರೇ ಅಲ್ಲಾಡಿತು. ನಿರ್ಮಾಪಕರ ತಾಯಿಯಂತೂ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ನನ್ನಂಗs ಅದಾಳ ನೋಡು," ಎಂದು ಪಕ್ಕದವರ ತೊಡೆಗೆ ಹೊಡೆದರು. ಮಧ್ಯಂತರದಲ್ಲಿ ಎಲ್ಲರೂ ಚಹಾಕ್ಕೆ ಹೊರಗೆ ಬಂದಾಗ ನಾನು ಅವರ ಹಿಂದೆಯೇ ನಿಂತಿದ್ದೆ. ಅವರ ಸಂಬಂಧಿಕರೊಬ್ಬರು, ನಟಿಯ ಊರಿನವರು, ಬಾಗಿ ಹೇಳಿದರು:

"ಅತ್ತೀ, ಮುದುಕಿ ಪಾರ್ಟಿನಾಕಿ ಯಾರು ಗೊತ್ತೈತೇನು? ನಮ್ಮೂರಾಕಿ. ಕೆಳಗಿನ ಓಣ್ಯಾಕಿ. ಈಗ ಬೌದ್ಧರು ಅಂತಾರಲ್ಲ, ಅವರು."

ತಾಯಿ ಚಹಾದ ಕಪ್ಪನ್ನು ಬಾಯಿಂದ ಕೆಳಗಿಳಿಸಿದರು. "ಯಾರು? ಈಕಿನ? ನನ್ನ ತೂಗುಮಂಚದ ಮ್ಯಾಲೆ ಕುಂತಾಕಿನ?"

"ಅಡಗಿಮನ್ಯಾಗೂ ಹೊಕ್ಕಿದ್ಲಲ್ಲ, ನೋಡಲಿಲ್ಲ?"

ನಿರ್ಮಾಪಕರು ನಡುವೆ ಬಂದು, "ಅವ್ವಾ, ಅದು ಸಿನಿಮಾ," ಎಂದರು.

"ಸಿನಿಮಾದಾಗ ಇರೂ ಮನಿ ನಂದs ಐತಲ್ಲೋ?"

ಎರಡನೆಯ ಅರ್ಧಕ್ಕೆ ನಾನು ಹಿಂದಿನ ಗೋಡೆಗೆ ಒರಗಿ ನಿಂತೆ. ಬಾವಿಯ ಹೂಳಿನ ದೃಶ್ಯ, ಇಡೀ ಸಿನಿಮಾದಲ್ಲೇ ನನಗೆ ಹೆಚ್ಚು ಇಷ್ಟವಾದದ್ದು, ಅಲ್ಲಿತ್ತು. ಮುಂದಿನ ಸಾಲುಗಳು ಕಲ್ಲಾಗಿ ಕೂತಿದ್ದವು. ಸುದ್ದಿ ಸಾಲಿನಿಂದ ಸಾಲಿಗೆ ಹಿಂದೆ ಹರಿಯುವುದು ಕಾಣುತ್ತಿತ್ತು: ಒಂದು ತಲೆ ಬಾಗುತ್ತದೆ, ಇನ್ನೊಂದು ತಿರುಗುತ್ತದೆ, ನಗು ಆರುತ್ತದೆ. ವಿಷಯ ಗೊತ್ತಿಲ್ಲದೆ ಹಿಂದೆ ಕೂತವರು ಒಂದೆರಡು ಸಲ ನಕ್ಕು, ಮುಂದಿನವರು ನಗದಿರುವುದನ್ನು ನೋಡಿ, ತಾವೇನೋ ತಪ್ಪು ಮಾಡಿದವರಂತೆ ಸುಮ್ಮನಾದರು. ಪರದೆಯ ಮೇಲೆ ಅಡಕತ್ತರಿ ಟಕ್ಕೆಂದಿತು. ಏನೂ ಬರಲಿಲ್ಲ.

ಮರುದಿನ ಆ ನಗುವಿನ ಪಟ್ಟಿಯನ್ನು ಚಿತ್ರದ ಕೆಳಗೆ ಹಾಸಿದೆ. ಮೊದಲರ್ಧದಲ್ಲಿ ಗುಡ್ಡಗಳು, ಎರಡನೆಯದರಲ್ಲಿ ಬಯಲು. ಅದೇ ಹೆಂಗಸು, ಅದೇ ಹದ. ನಿರ್ದೇಶಕರು ಬಹಳ ಹೊತ್ತು ಅದನ್ನು ನೋಡಿ, "ನೋಡಿ ಮೇಡಂ, ಸೆಕೆಂಡ್ ಹಾಫಲ್ಲಿ ಮುದುಕಿ ವರ್ಕ್ ಆಗ್ತಿಲ್ಲ," ಎಂದರು. ಅವರಿಗೂ ಕಾರಣ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದೂ ಗೊತ್ತಿತ್ತು. ಹಾಗಾಗಿಯೇ ನನ್ನ ಮುಖ ನೋಡಲಿಲ್ಲ.

ಸಂಜೆಗೆ ಮೊದಲೇ ನಿರ್ಮಾಪಕರು ನಾಯಕನೊಂದಿಗೆ ಮೇಲೆ ಬಂದರು. ಅವರು ಹೇಳಿದ್ದೆಲ್ಲ ನನ್ನ ಮಾತುಗಳೇ. ಮುದುಕಿ ಹೀರೊನನ್ನು ನುಂಗಿಬಿಡ್ತಾಳೆ. ನಗು ಒಂದು ಕಡೆ, ಪ್ರೇಮ ಒಂದು ಕಡೆ ಆಗೈತಿ. ಪ್ರೇಮಿಗಳ ಸೀನು ಗಟ್ಟಿ ಆಗಬೇಕು. ಅದರಲ್ಲಿ ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ; ಸಿನಿಮಾದ ನಿಜವಾದ ದೌರ್ಬಲ್ಯವನ್ನೇ ಹಿಡಿದುಕೊಂಡು ಅದರ ನಿಜವಾದ ಶಕ್ತಿಯ ಕತ್ತು ಹಿಸುಕಲು ಹೊರಟಿದ್ದರು. ನಾಯಕ ಕುರ್ಚಿಯನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತ ಮೊಬೈಲ್ ನೋಡುತ್ತಿದ್ದ.

ನಾನು ಹೇಳಿದೆ: "ನಿಮ್ಮ ತಾಯಿಯವರು ಇಂಟರ್ವಲ್‌ದಾಗ ಮಾತಾಡಿದ್ದು ನಾ ಕೇಳೇನ್ರಿ."

"ಕೇಳಿದ್ರೇನು? ಛಲೋ ಆತು," ಎಂದರು ನಿರ್ಮಾಪಕರು. "ಬಿಡಿಸಿ ಹೇಳೂ ತ್ರಾಸ ತಪ್ಪಿತು."

ಮೊದಲು ಅವರು ಬಯಸಿದ್ದು ಮುದುಕಿಯನ್ನು ಪೂರ್ತಿ ತೆಗೆಯುವುದನ್ನು. ತೆಗೆದು ತೋರಿಸಿದೆ. ಹುಡುಗ ವೇಷ ಹಾಕಿಕೊಂಡು ಮನೆಗೆ ಬರುತ್ತಾನೆ, ಯಾರೂ ತಡೆಯುವುದಿಲ್ಲ, ಹುಡುಗಿಯನ್ನು ನೋಡುತ್ತಾನೆ, ಹೋಗುತ್ತಾನೆ. ತಡೆಯುವವರಿಲ್ಲದಿದ್ದರೆ ವೇಷ ಯಾಕೆ? ಹುಚ್ಚನಂತೆ ಕಾಣುತ್ತಿದ್ದ. ನಾಯಕನಿಗೇ ಅದು ಸಹಿಸಲಾಗಲಿಲ್ಲ. ಆಗ ಮುದುಕಿ ಇರಲಿ, ನಟಿ ಬೇಡ ಎಂದಾಯಿತು. ಧಾರಾವಾಹಿಗಳಲ್ಲಿ ಅತ್ತೆಯ ಪಾತ್ರ ಮಾಡುವ ಒಬ್ಬರನ್ನು ಬೆಂಗಳೂರಿನಿಂದ ಕರೆಸಿ ಆ ದೃಶ್ಯಗಳಷ್ಟನ್ನೇ ಮತ್ತೆ ಚಿತ್ರಿಸಿದರು. ಎಲ್ಲವನ್ನೂ ಅಲ್ಲ. ಹಿಂದಿನಿಂದ ತೆಗೆದ ದೂರದ ಶಾಟುಗಳು ಹಳೆಯವೇ ಇರಲಿ ಎಂದರು ನಿರ್ದೇಶಕರು. ಬೆನ್ನು ಯಾರದೆಂದು ಯಾರಿಗೆ ಗೊತ್ತಾಗುತ್ತದೆ?

ಹೊಸದಾಗಿ ಚಿತ್ರಿಸಿದ ಶಾಟುಗಳು ನನ್ನ ಮೇಜಿಗೆ ಬಂದ ದಿನ ಒಂದಕ್ಕೊಂದು ಹೊಂದಲಿಲ್ಲ. ಹಳೆಯ ಶಾಟಿನಲ್ಲಿ ತೂಗುಮಂಚದ ಮರ ಕಪ್ಪಾಗಿ, ಕೈಯಾಡಿ ಮಾಸಿ, ಅಂಚಿನಲ್ಲಿ ಸವೆದಿತ್ತು. ಹೊಸದರಲ್ಲಿ ಹೊಚ್ಚ ಹೊಸ ಮಂಚದಂತೆ ಹೊಳೆಯುತ್ತಿತ್ತು. ಸೀರೆಯೂ ಬೇರೆ. ನಿರ್ದೇಶಕರಿಗೆ ಫೋನ್ ಮಾಡಿ ಕೇಳಿದೆ. ಅವರು ತಡವರಿಸಿದರು. "ಸೀರೆ ಯಾರಿಗೋ ಕೊಟ್ಟುಬಿಟ್ಟಿದಾರಂತೆ. ಮಂಚ... ಅದನ್ನ ಉಜ್ಜಿಸಿ ಪಾಲಿಶ್ ಮಾಡಿಸಿದಾರೆ. ನೀವು ಕಲರಲ್ಲಿ ಮ್ಯಾಚ್ ಮಾಡಿಬಿಡಿ ಮೇಡಂ."

ಕಂಟಿನ್ಯುಟಿ ತಪ್ಪುಗಳನ್ನು ಸರಿಮಾಡುವುದು ನನ್ನ ಕೆಲಸ. ಹೊಸ ಮರದ ಹೊಳಪನ್ನು ತಗ್ಗಿಸಿ, ಹಳೆಯ ಮರವನ್ನು ತುಸು ಬೆಳಗಿಸಿ, ಸೀರೆಗಳನ್ನೂ ಹಾಗೆಯೇ ತಿದ್ದಿ, ಎರಡನ್ನೂ ನಡುವೆ ಎಲ್ಲೋ ತಂದು ನಿಲ್ಲಿಸಿದೆ. ಇಷ್ಟು ಹೊಲಸು ಕೆಲಸವನ್ನು ನಾನು ಇಷ್ಟು ಅಚ್ಚುಕಟ್ಟಾಗಿ ಬೇರೆಂದೂ ಮಾಡಿಲ್ಲ.

ಆದರೆ ಬಣ್ಣದಿಂದ ನಗು ಬರುವುದಿಲ್ಲ. ಹೊಸ ನಟಿ ಶ್ರಮಜೀವಿ, ಯಾರ ಕೇಡೂ ಬಯಸದವರು; ಇದರ ಹಿಂದಿನ ಕತೆ ಅವರಿಗೆ ಯಾರೂ ಹೇಳಿರಲಿಲ್ಲ. ಮಾತು ಮಾತ್ರ ಅವರ ನಾಲಿಗೆಗೆ ಹತ್ತಲಿಲ್ಲ. "ಎಲ್ಲಿಗೆ ಹೊಂಟಿ?" ಎಂಬುದನ್ನು ಎಷ್ಟು ಹೇಳಿಕೊಟ್ಟರೂ "ಎಲ್ಲಿಗೆ ಹೋಗ್ತಾ ಇದೀಯಾ?" ಎಂದೇ ಬರುತ್ತಿತ್ತು. ಜೊತೆಗೆ ತಾವು ಹೇಳಿದ ಹಾಸ್ಯಕ್ಕೆ ತಾವೇ ಮೊದಲು ತುಟಿಯಂಚಿನಲ್ಲಿ ನಗುತ್ತಿದ್ದರು. ನಿರ್ಮಾಪಕರೇ ನೋಡಿ, "ಏ, ಇದು ಸತ್ತು ಹೋಗೈತಲ್ಲೋ," ಎಂದರು.

ಹಳೆಯ ನಟಿಯಿಂದಲೇ ಡಬ್ ಮಾಡಿಸಬಹುದು ಎಂಬ ಉಪಾಯ ನಿರ್ದೇಶಕರದು. ನಿರ್ಮಾಪಕರು ಒಪ್ಪಿದರು.

"ಮಾಡಸ್ರಿ. ದನಿಗೇನು ಮೈಲಿಗಿ ಐತಿ? ದನಿ ಎಲ್ಲೀನೂ ಕೂಡಂಗಿಲ್ಲಲ್ಲ."

ನಿರ್ಮಾಪಕರು ಹೋದ ಮೇಲೆ ನಿರ್ದೇಶಕರು ನನ್ನತ್ತ ತಿರುಗಿ, ಹಳೆಯ ನಟಿಗೆ ಫೋನ್ ಮಾಡಿ, ಅವರ ಸ್ವಂತ ದೃಶ್ಯಗಳಿಗೇ ಅಲ್ಲಲ್ಲಿ ದನಿ ಬೇಕಾಗಿದೆ ಎಂದು ಹೇಳಿ ಕರೆಸಿ ಎಂದರು. ಇಲ್ಲಿ ಬಂದ ಮೇಲೆ ನೋಡಿದರಾಯಿತು; ಬಂದವರು ಬರಿಗೈಲಿ ವಾಪಸ್ ಹೋಗುವುದಿಲ್ಲ. ಕೆಲಸ ಬಿಟ್ಟು ಹೋಗಿಬಿಡಲೇ ಎಂದು ಯೋಚಿಸಿದೆ. ಬಿಟ್ಟರೆ ಇನ್ನೊಬ್ಬರು ಆ ಕುರ್ಚಿಯಲ್ಲಿ ಕೂತು ಆ ಫೋನ್ ಮಾಡುತ್ತಿದ್ದರು. ನಾನು ಫೋನ್ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಸವದತ್ತಿಯ ಬಸ್ ಹತ್ತಿದೆ.

ಹೊಲಿಗೆಯ ಹುಡುಗಿಯರು ಇನ್ನೂ ಬಂದಿರಲಿಲ್ಲ. ನಟಿ ಒಬ್ಬರೇ ಬಾಗಿಲ ಬೆಳಕಿಗೆ ಕೂತು ರವಿಕೆಯ ತೋಳಿಗೆ ಅಂಚು ಹೊಲಿಯುತ್ತಿದ್ದರು. "ಕುಂತ್ರಿ," ಎಂದರು. ನಾನು ಕೂತು ಹೇಳತೊಡಗಿದೆ. ಹೊಸ ನಟಿ ಬಂದದ್ದು, ಚಿತ್ರಿಸಿದ್ದು, ಈಗ ದನಿ ಬೇಕಾಗಿರುವುದು. ಸೂಜಿ ನಿಲ್ಲಲಿಲ್ಲ.

"ನನ್ನ ತಗದದ್ದು ಯಾಕಂತ?"

"ಹೀರೊನ ನುಂಗ್ತೀರಿ ಅಂತ."

"ಅದು ಖರೇ. ಮತ್ತ?"

ನಾನು ರವಿಕೆಯ ಅಂಚು ನೋಡತೊಡಗಿದೆ.

"ಹೇಳ್ರಿ. ಬಸ್ಸಿನಾಗ ಧೂಳ ಕುಡಕೋತ ಬಂದೀರಿ, ಅರ್ಧಾ ಹೇಳಿ ಹೋಗಾಕಲ್ಲಲ್ಲ."

ಮಧ್ಯಂತರದಲ್ಲಿ ಕೇಳಿದ್ದನ್ನು ಹೇಳಿದೆ. ತೂಗುಮಂಚದ ಪಾಲಿಶಿನ ವಿಷಯ ಹೇಳಲು ಬಾಯಿ ಬರಲಿಲ್ಲ. ಅವರು ದಾರವನ್ನು ಹಲ್ಲಿನಿಂದ ಕಡಿದು, ರವಿಕೆಯನ್ನು ಮಡಚಿ ಪಕ್ಕಕ್ಕಿಟ್ಟರು.

"ಇದನ್ನ ನೀವು ಯಾಕ ಹೇಳಾಕ ಬಂದ್ರಿ? ನನಗ ಗೊತ್ತಾಗಲಿ ಅಂತನೋ, ನಿಮಗ ನಿದ್ದಿ ಬರಲಿ ಅಂತನೋ?"

"ಎರಡೂ," ಎಂದೆ.

"ಎರಡೂ," ಎಂದು ನನ್ನನ್ನೇ ಅಣಕಿಸಿದರು. ಆಮೇಲೆ ಕೇಳಿದರು: "ಹೊಸಾಕಿಗೆ ನಮ್ಮ ಮಾತು ಬರತೈತೇನು?"

"ಇಲ್ಲ."

"ನಾ ಒಲ್ಲೆ ಅಂದ್ರ?"

"ಹುಬ್ಬಳ್ಳಿಯಿಂದ ಯಾರನ್ನರ ಕರಸ್ತಾರ."

ಅವರು ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟರು. "ಆ ಮುದುಕಿನ್ನ ನಾ ಎಲ್ಲಿಂದ ತಂದೇನಿ ಗೊತ್ತೈತೇನು? ನಮ್ಮೂರಾಗ ಅಂಥಾ ಮುದುಕ್ಯಾರು ಕಟ್ಟಿ ಮ್ಯಾಲೆ ಕುಂತು ನಮ್ಮವ್ವನ್ನ ಮಾತಾಡಸ್ತಿದ್ರು. ನಮ್ಮವ್ವ ಕೆಳಗ ಅಂಗಳದಾಗ ನಿಂತಿರ್ತಿದ್ಲು, ನಾ ಅಕಿ ಸೀರಿ ಹಿಡಕೊಂಡು. ಎಲ್ಲೆ ಮಾತು ನಿಲ್ಲಸ್ತಾರ, ಎಲ್ಲೆ ನಕ್ಕಂಗ ಮಾಡಿ ಚುಚ್ಚತಾರ, ಎಲ್ಲಾ ಅಲ್ಲೇ ನಿಂತು ಕಲ್ತದ್ದು. ಅದನ್ನ ಹುಬ್ಬಳ್ಳ್ಯಾಕಿ ಬಾಯಾಗ ಹೆಂಗ ಕೊಡ್ಲಿ? ಬರತೇನಿ. ಆದ್ರ ಪಡದೆ ಮ್ಯಾಲೆ ನನ್ನ ಹೆಸರು ಬರಬೇಕು. ದನಿ ಯಾರದಂತ ಬರಬೇಕು."

ಈ ಷರತ್ತನ್ನು ನಿರ್ದೇಶಕರಿಗೆ ಅವರ ಎದುರೇ ಫೋನ್ ಮಾಡಿ ತಿಳಿಸಿದೆ. "ಖಂಡಿತ, ಖಂಡಿತ," ಎಂದರು ಅವರು.

ಡಬ್ಬಿಂಗ್ ನಡೆದದ್ದು ಅರಳೆ ಗಾದಿಯ ಅದೇ ಕೋಣೆಯಲ್ಲಿ. ಪ್ರತಿ ಮಾತಿನ ತುಣುಕನ್ನೂ ಪರದೆಯ ಮೇಲೆ ಮತ್ತೆ ಮತ್ತೆ ತಿರುಗಿಸುತ್ತೇವೆ. ಬೀಪ್ ಬಂದ ಮೇಲೆ ತುಟಿ ನೋಡಿಕೊಂಡು ಮಾತು ಕೂರಿಸಬೇಕು. ಪ, ಬ, ಮ ಬಂದಲ್ಲಿ ತುಟಿ ಮುಚ್ಚುತ್ತದೆ, ಅಲ್ಲಿ ಮೋಸ ನಡೆಯುವುದಿಲ್ಲ. ಹೊಸ ನಟಿಯ ತುಟಿಗಳು ಬೆಂಗಳೂರಿನ ಮಾತಿಗೆ ಆಡಿದ್ದವು. ನಮ್ಮ ಮಾತು ಅದಕ್ಕಿಂತ ಗಿಡ್ಡ. ತುಟಿ ಇನ್ನೂ ಆಡುತ್ತಿರುವಾಗಲೇ ಮಾತು ಮುಗಿದುಬಿಡುತ್ತಿತ್ತು. ಎಲ್ಲಿ ಒಂದು "ಏನs ತಮ್ಮಾ" ಸೇರಿಸಬೇಕು, ಎಲ್ಲಿ ಒಂದು ಕೆಮ್ಮು ತುಂಬಬೇಕು ಎಂದು ಒಂದೊಂದು ಸಾಲಿಗೂ ಇಬ್ಬರೂ ಕೂತು ಲೆಕ್ಕ ಹಾಕಬೇಕಿತ್ತು.

ಆದರೆ ಮೊದಲ ತುಣುಕು ಬಂದಾಗ ಅವರು ತುಟಿ ನೋಡಲಿಲ್ಲ. ಹೆಡ್‌ಫೋನ್ ಕೆಳಗಿಳಿಸಿ ಪರದೆಯ ಹತ್ತಿರ ಬಂದು ಬಾಗಿದರು.

"ತೂಗುಮಂಚಕ್ಕ ಪಾಲಿಶ್ ಮಾಡ್ಯಾರ?"

ಬಣ್ಣ ತಿದ್ದಿದ ಪ್ರತಿ ಇನ್ನೂ ಈ ಯಂತ್ರಕ್ಕೆ ಬಂದಿರಲಿಲ್ಲ. ಮರ ಹೊಳೆಯುತ್ತಿತ್ತು. ನಾನು ಏನೋ ಗುಂಡಿ ಒತ್ತುವವಳಂತೆ ತಲೆ ತಗ್ಗಿಸಿದೆ.

"ನಾ ಕುಂತಿದ್ದಕ್ಕ?"

ನಿರ್ದೇಶಕರು ಎದ್ದು, ಚಹಾ ತರಿಸ್ತೀನಿ ಎಂದು ಹೊರಗೆ ಹೋದರು. ನಟಿ ಪರದೆಯ ಮುಂದೆಯೇ ನಿಂತಿದ್ದರು. ಬೈಯುತ್ತಾರೆ, ಇಲ್ಲವೇ ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿ ಎಂದೇ ಆಸೆಪಟ್ಟೆ. ಅವರು ಪರದೆಯ ಮೇಲಿನ ಮರಕ್ಕೆ ಬೆರಳು ತಾಗಿಸಿ, ಬೆರಳನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ಮೈಕಿನ ಮುಂದೆ ಹೋಗಿ ನಿಂತರು.

"ಹಾಕ್ರಿ," ಎಂದರು. "ಈಕಿ ಮಾರಿ ನೋಡ್ರಿ, ಕರಾ ಕಳಕೊಂಡ ಎಮ್ಮಿ ಆಗೈತಿ. ಈ ಮಾರಿಗೆ ಮಾತು ಹೊಂದಸ್ಬೇಕಲ್ಲ, ನನ್ನ ಕರ್ಮ."

ಅವತ್ತಿನಿಂದ ಕೆಲಸ ಮುಗಿಯುವವರೆಗೆ ಅವರು ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಹೊಸ ನಟಿ ಬೇಗ ನಕ್ಕ ಕಡೆಗಳಲ್ಲಿ ಆ ನಗುವಿನೊಳಗೇ ಒಂದು ವಿಷದ ಮಾತು ತುರುಕಿದರು. ಈಗ ಆ ನಗು ಮುದುಕಿಯ ಕುತಂತ್ರವಾಯಿತು. ಅಡಕತ್ತರಿಯನ್ನು ಮನೆಯಿಂದ ತಂದಿದ್ದರು. ಅದರ ಸದ್ದನ್ನು ತಾವೇ ಮಾಡಿದರು. ಬಾವಿಯ ದೃಶ್ಯದ ಕೊನೆಯ ಮಾತಿಗೆ ನಾನು ಹೆಡ್‌ಫೋನಿನಲ್ಲೇ ನಕ್ಕುಬಿಟ್ಟೆ. ಮೈಕಿನ ಹಿಂದಿನಿಂದ ಅವರು ನನ್ನನ್ನು ನೋಡಿದ ನೋಟದಲ್ಲಿ ಸ್ನೇಹದ ಸುಳಿವಿರಲಿಲ್ಲ. ನಾನೂ ಆ ಬೆಳಗಿನ ಪ್ರದರ್ಶನದಲ್ಲಿ ಕೂತಿದ್ದವರ ಪೈಕಿ ಒಬ್ಬಳೆಂಬಂತೆ ನೋಡಿದರು.

ಪೂರ್ತಿ ಸಿನಿಮಾ ಸಿದ್ಧವಾದ ಮೇಲೆ ನಿರ್ಮಾಪಕರು ಬಂದು ನೋಡಿ ಹೊಟ್ಟೆ ಹಿಡಿದು ನಕ್ಕರು. "ಈ ಬೆಂಗಳೂರಾಕಿ ಛಲೋ ಮಾಡ್ಯಾಳಲ್ಲೋ!" ಎಂದರು, ನಿಜವಾಗಿಯೂ ಮರೆತವರಂತೆ. ಕೊನೆಯಲ್ಲಿ ಹೆಸರುಗಳು ಓಡಿದವು. ದನಿಯ ಸಾಲು ಬಂದಾಗ ಅವರ ನಗು ನಿಂತಿತು.

"ಇದು ತಗೀರಿ."

"ಮಾತು ಕೊಟ್ಟೇವ್ರಿ," ಎಂದೆ.

"ಯಾರು ಕೊಟ್ರು?"

ನಾನು ನಿರ್ದೇಶಕರನ್ನು ನೋಡಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಒಂದೇ ಆಯುಧ. ಅದು ಚೂಪಾಗಿದೆ ಎಂದೇ ನಂಬಿದ್ದೆ. "ಅವರ ಹೆಸರು ತಗದ್ರ ನನ್ನ ಹೆಸರೂ ತಗೀಬೇಕಾಗತೈತಿ. ಎಡಿಟರ್ ಹೆಸರಿಲ್ಲದ ಸಿನಿಮಾ ಆಗತೈತಿ ನೋಡ್ರಿ."

ನಿರ್ಮಾಪಕರು ನನ್ನನ್ನು ಕರುಣೆಯಿಂದ ನೋಡಿದರು. "ಆತು. ಎರಡೂ ತಗೀರಿ," ಎಂದರು. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿಯುತ್ತ, "ಸಾಲು ಕಡಿಮಿ ಆದ್ರ ಛಲೋನs ಆತಲ್ಲ, ಮಂದಿ ಎದ್ದು ಹೊಂಟಿರ್ತಾರ," ಎಂದದ್ದು ಕೇಳಿಸಿತು.

ಸಿನಿಮಾ ಬಿಡುಗಡೆಯಾಯಿತು. ಬರೆದವರು ಬರೆದರು: ಪ್ರೇಮಕ್ಕೆ ಬುಡವಿಲ್ಲ, ಹೊಡೆದಾಟ ಅನಗತ್ಯ, ಆದರೆ ಮನೆಯೊಡತಿ ಮುದುಕಿಯ ಮಾತು ಸಿನಿಮಾದ ಜೀವಾಳ, ಬೆಂಗಳೂರಿನ ನಟಿ ಉತ್ತರದ ಕನ್ನಡವನ್ನು ಹೀಗೆ ಒಲಿಸಿಕೊಂಡದ್ದು ಬೆರಗು. ಎಲ್ಲ ಸರಿಯಾಗಿಯೇ ಇತ್ತು, ಹೆಸರೊಂದನ್ನು ಬಿಟ್ಟು. ಹೊಸ ನಟಿ ನನಗೆ ಫೋನ್ ಮಾಡಿ ಅತ್ತರು. ಅಷ್ಟು ಹೊತ್ತಿಗೆ ಅವರಿಗೆ ಯಾರೋ ಹೇಳಿದ್ದರು. "ನಾನೇನು ಮಾಡ್ಲಿ ಹೇಳಿ?" ಎಂದರು. ಆ ವಾರವೇ ಅವರಿಗೆ ಕಿತ್ತೂರಿನಲ್ಲಿ ಸನ್ಮಾನವಿತ್ತು. ಹೋದರು.

ಹೆಸರು ಬಂದಿಲ್ಲವೆಂದು ಹೇಳಲು ನಾನು ಸವದತ್ತಿಗೆ ಫೋನ್ ಮಾಡಿದಾಗ, ಅವರು ಎಲ್ಲ ಕೇಳಿಸಿಕೊಂಡು, "ನಾ ನೋಡ್ಬೇಕು. ಮಂದಿ ಕೂಡ ಕುಂತು ನೋಡ್ಬೇಕು," ಎಂದಷ್ಟೇ ಹೇಳಿದರು. ಒಂದು ಮಧ್ಯಾಹ್ನ ಬೈಲಹೊಂಗಲದ ಅದೇ ಥಿಯೇಟರಿಗೆ ಹೋದೆವು. ಒಳ್ಳೆಯ ಜನ ಇತ್ತು. ನಾನು ಅವರ ಎಡಕ್ಕೆ. ಅವರ ಬಲಕ್ಕೆ ಇಬ್ಬರು ಸೊಸೆಯರೊಂದಿಗೆ ಬಂದ ಒಬ್ಬ ಹೆಂಗಸು, ಕೈತುಂಬ ಬಳೆ, ಮಡಿಲಲ್ಲಿ ಚುರುಮುರಿಯ ದೊಡ್ಡ ಪೊಟ್ಟಣ. ಸಿನಿಮಾ ಶುರುವಾಗುವ ಮೊದಲೇ ನಮ್ಮ ನಟಿಯೊಂದಿಗೆ ಮಾತಿಗಿಳಿದು, ಬಿಸಿಲು, ಬಸ್ಸು, ಸೊಸೆಯಂದಿರ ಅಡುಗೆ ಎಲ್ಲ ಹೇಳಿ ಮುಗಿಸಿದ್ದರು.

ಮುದುಕಿಯ ಒಂದೊಂದು ಮಾತಿಗೂ ಥಿಯೇಟರ್ ಎದ್ದು ಬೀಳುತ್ತಿತ್ತು. ಇವರು ಪರದೆ ನೋಡುತ್ತಿರಲಿಲ್ಲ; ಕಣ್ಣು ಮುಚ್ಚಿ ಜನರನ್ನು ಕೇಳುತ್ತಿದ್ದರು. ಬಲಗಡೆಯ ಹೆಂಗಸು ಇವರ ಮೊಣಕೈ ತಿವಿದು, "ಏನ್ ಮಾತಾಡ್ತಾಳ್ರೀ ಮುದುಕಿ! ಬೆಂಗಳೂರಾಕಿ ಅಂತಾರ, ನಾ ನಂಬಂಗಿಲ್ಲ. ನಮ್ಮ ಪೈಕಿನs ಇರಬೇಕು. ದೊಡ್ಡ ಮನಿತನದಾಗ ಹುಟ್ಟಿದವರಿಗಷ್ಟ ಈ ದನಿ ಬರತೈತಿ," ಎಂದರು.

"ದನಿ ನಂದರಿ," ಎಂದರು ಇವರು.

ಹೆಂಗಸು ಒಂದು ಗಳಿಗೆ ನೋಡಿ, ಆಮೇಲೆ ಬಿದ್ದು ಬಿದ್ದು ನಕ್ಕರು. ಸೊಸೆಯರತ್ತ ತಿರುಗಿ, "ಕೇಳ್ರೆ ಇಲ್ಲೆ, ಆ ದನಿ ಇವರದಂತ!" ಎಂದರು. ಅವರೂ ನಕ್ಕರು. ಹಿಂದಿನ ಸಾಲಿನವರೂ ನಕ್ಕರು. ಪರದೆಯ ಮೇಲಿನ ಯಾವ ಮಾತಿಗೂ ಅಷ್ಟು ಹತ್ತಿರದಿಂದ ನಗು ಬಂದಿರಲಿಲ್ಲ.

ಮಧ್ಯಂತರಕ್ಕೆ ದೀಪಗಳು ಹತ್ತಿದವು. ಹೆಂಗಸು ಇನ್ನೂ ನಗುತ್ತಲೇ ಪೊಟ್ಟಣ ಬಿಚ್ಚಿ, "ತಗೋರಿ, ಭಾಳ ಚಾಷ್ಟಿ ಮಾಡ್ತೀರಿ ನೀವು. ಯಾವೂರು ನಿಮ್ಮದು?" ಎಂದು ಮುಂದೆ ಹಿಡಿದರು.

ಇವರು ಊರ ಹೆಸರು ಹೇಳಿದರು. ಅದರ ಬೆನ್ನಿಗೇ, ಕೇಳದಿದ್ದರೂ, ಓಣಿಯ ಹೆಸರನ್ನೂ ಹೇಳಿದರು. ಹೇಳಿ, ಹೆಂಗಸಿನ ಕಣ್ಣನ್ನೇ ನೋಡುತ್ತ ಪೊಟ್ಟಣದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದರು.

ಹೆಂಗಸಿನ ಬಾಯಿ ನಗುವಿನ ಆಕಾರದಲ್ಲೇ ಉಳಿದಿತ್ತು, ನಗು ಇರಲಿಲ್ಲ. ಪೊಟ್ಟಣವನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ. ಮೆಲ್ಲನೆ ಅದನ್ನು ಪೂರ್ತಿ ಇವರ ಮಡಿಲಿಗೆ ಬಿಟ್ಟು, "ನೀವs ಇಟ್ಕೋರಿ, ನಮಗ ಸಾಕಾಗಿತ್ತು," ಎಂದು ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ ಸೊಸೆಯರನ್ನೆಬ್ಬಿಸಿ, ಅಲ್ಲಿ ಫ್ಯಾನಿನ ಗಾಳಿ ಬರುವುದಿಲ್ಲ ಎನ್ನುತ್ತ ಎರಡು ಸಾಲು ಮುಂದೆ ಹೋಗಿ ಕೂತರು.

ದೀಪ ಆರಿತು. ಹೋಗೋಣ ಎಂದೆ. ಅವರು ಅಲುಗಲಿಲ್ಲ. ಪೊಟ್ಟಣವನ್ನು ನಮ್ಮಿಬ್ಬರ ನಡುವೆ ಇಟ್ಟು ತಿನ್ನತೊಡಗಿದರು.

"ತಿನ್ರಿ," ಎಂದರು. "ಖಾರ ಒಂದೀಟು ಕಡಿಮಿ ಆಗೈತಿ."